ಐವತ್ತೆರಡು ಕೆಜಿಯ ನನ್ನ ತಮ್ಮನನ್ನು ತೂಕ ಇಳಿಸುವ ತರಗತಿಗೆ ಕಳಿಸಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಮ್ಮನ ಬಲಗಣ್ಣು ಹೋಗಿ ಐದು ತಿಂಗಳಾಯಿತು. ಎಡಗಣ್ಣನ್ನು ಲೇಸರ್ ಹಾಕಿ ಉಳಿಸಿದ್ದಾರೆ. ಸಕ್ಕರೆ ಕಾಯಿಲೆ ಅವನ ಮೈಯಲ್ಲಿ ಕಡಿಮೆಯೆಂದರೂ ನಾಲ್ಕೈದು ವರ್ಷದಿಂದ ಸದ್ದಿಲ್ಲದೆ ಕೂತಿತ್ತು ಎಂದು ಕಣ್ಣು ನೋಡಿದ ವೈದ್ಯರು ಹೇಳಿದರು. ಅದೇ ನಾಲ್ಕೈದು ವರ್ಷಗಳಲ್ಲಿ ತಾವು ಅವನಿಗೆ ಮೂರು ಸಲ 'ಆರೋಗ್ಯವಂತ ನೌಕರ' ಎಂಬ ಪ್ರಶಸ್ತಿಪತ್ರ ಕೊಟ್ಟಿದ್ದೀರಿ. ಮೂರಕ್ಕೂ ತಮ್ಮದೇ ಸಹಿ. ಒಂದು ಸಲವೂ ಅವನ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಯಾಕೆಂದರೆ ಅವನು ತೆಳ್ಳಗಿದ್ದ.

ಕಾಯಿಲೆ ಇದೆಯೆಂದು ಗೊತ್ತಾದ ಮೇಲಾದರೂ ತಮ್ಮ ಕಚೇರಿ ಎಚ್ಚೆತ್ತಿತೇ? ಎಚ್ಚೆತ್ತಿತು. ಐವತ್ತೆರಡು ಕೆಜಿ ತೂಗುವ ಆ ಮನುಷ್ಯನನ್ನು ಪ್ರತಿ ಬುಧವಾರದ 'ತೂಕ ಇಳಿಸುವ ತರಗತಿ'ಗೆ ಹಾಕಿ ಆದೇಶ ಹೊರಡಿಸಿತು. ಹಾಜರಾತಿ ಕಡ್ಡಾಯ.

ಈ ವಿಷಯವಾಗಿ ನಾನು ತಮಗೆ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಎರಡನೆಯದಕ್ಕೆ ಮೊದಲನೆಯದನ್ನು ನೋಡಿರೆಂಬ ಉತ್ತರ ಬಂತು. ಮೂರನೆಯದು ತಲುಪಿಲ್ಲವಂತೆ, ನಮ್ಮ ಎರಡನೇ ಮಹಡಿಯಿಂದ ತಮ್ಮ ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ಅದು ದಾರಿ ತಪ್ಪಿತು. ಹಾಗಾಗಿ ನಾಲ್ಕನೆಯದನ್ನು ಎಲ್ಲರ ಕಣ್ಣೆದುರೇ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿದೆ, ಮುಖದಿಂದಲ್ಲ, ತೂಕದಿಂದ. ನಮ್ಮ ಮುದ್ರಣಾಲಯದ ಪ್ರೂಫ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷದಿಂದ ಅಚ್ಚಿಗೆ ಹೋಗುವ ಹಾಳೆಗಳ ತಪ್ಪು ತಿದ್ದುತ್ತಿರುವವಳು ನಾನು. ಎಂಬತ್ತೆಂಟು ಕೆಜಿ. ಕೆಳಗಿನ ಯಂತ್ರದ ಸಾಲೆಯಲ್ಲಿ ನನಗೆ ಗುಂಡಕ್ಕ ಎಂಬ ಹೆಸರಿದೆ, ನನ್ನ ತಮ್ಮನಿಗೆ ಕಡ್ಡಿ ಎಂಬ ಹೆಸರಿದೆ. ಅವನು ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಪುಸ್ತಕದ ಅಂಚು ಕತ್ತರಿಸುವ ಯಂತ್ರ ಅವನದು. ಐನೂರು ಹಾಳೆಯ ಕಟ್ಟನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸುತ್ತಿದ್ದ. ಅಳತೆಪಟ್ಟಿ ಇಡದೆ, ಬರೀ ಕಣ್ಣಳತೆಯಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಪಾತ್ರೆಯ ಊಟ ಉಂಡು ಬೆಳೆದವರು ನಾವು. ಅವನು ಎರಡು ಸಲ ಬಡಿಸಿಕೊಂಡರೂ ಅವನ ಪಕ್ಕೆಲುಬು ಎಣಿಸಬಹುದಿತ್ತು. ನಾನು ಅರ್ಧಕ್ಕೇ ಕೈ ತೊಳೆದುಕೊಂಡು ಎದ್ದರೂ ಲಂಗದ ಹೊಲಿಗೆ ಬಿಚ್ಚಿಸಬೇಕಾಗುತ್ತಿತ್ತು. 'ಇವಳು ಅಪ್ಪನ ಹಾಗೆ, ಅವನು ನನ್ನ ಹಾಗೆ' ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಏಳನೇ ತರಗತಿ ಓದಿದವಳು. ತಮಗಿರುವ ಪದವಿಗಳು ಅವಳಿಗಿರಲಿಲ್ಲ.

ಪ್ರತಿ ವರ್ಷ ನಡೆಯುವ ತಮ್ಮ ಆರೋಗ್ಯ ತಪಾಸಣೆಯನ್ನು ಹೊರಗಿನವರು ನೋಡಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಜಾಗ: ನಾವು ಊಟ ಮಾಡುವ ಹಾಲ್. ಮೊದಲ ವರ್ಷವೇ ತಮ್ಮ ತೂಕದ ಯಂತ್ರ ಕೆಟ್ಟಿದ್ದರಿಂದ, ಅಂದಿನಿಂದ ನಮ್ಮನ್ನು ಕಾಗದದ ಕಟ್ಟು ತೂಗುವ ಕಾಟಾದ ಮೇಲೆ ನಿಲ್ಲಿಸಲಾಗುತ್ತದೆ. ನರ್ಸ್ ತೂಕವನ್ನು ಗಟ್ಟಿಯಾಗಿ ಓದುತ್ತಾರೆ. ಗೋಡೆಯ ಮೇಲಿನ ಹಲಗೆಯಲ್ಲಿ ಹಸಿರು, ಹಳದಿ, ಕೆಂಪು ಎಂಬ ಮೂರು ಸಾಲುಗಳಲ್ಲಿ ನಮ್ಮ ಹೆಸರು ಏರುತ್ತದೆ. ಕೆಂಪು ಸಾಲಿನವರಿಗೆ ಮಾತ್ರ ರಕ್ತ ಪರೀಕ್ಷೆ. 'ಅಕ್ಕ, ಈ ಸಲ ಕಾಟಾ ತಡ್ಕೊಳತ್ತಾ?' ಎಂದು ಹಿಂದಿನಿಂದ ಯಾರೋ ಕೇಳುತ್ತಾರೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ನಗದೆ ಇನ್ನೇನು ಮಾಡಲಿ? ಹೋದ ವರ್ಷದವರೆಗೆ ನಾನು ಆರು ವರ್ಷ ಕೆಂಪು ಸಾಲಿನಲ್ಲಿದ್ದೆ. ಆರು ಸಲ ನನ್ನ ರಕ್ತ ತೆಗೆದರು. ಆರು ಸಲವೂ ಸಕ್ಕರೆ ಅಂಶ ಸರಿಯಾಗಿತ್ತು. ಆದರೂ ಪ್ರತಿ ವರದಿಯ ಕೆಳಗೆ 'ಬಾಯಿ ಕಟ್ಟದಿದ್ದರೆ ಕಾಯಿಲೆ ಖಚಿತ' ಎಂದು ಬರೆದು ಕೊಟ್ಟಿರಿ. ಬಾರದ ಕಾಯಿಲೆಗೆ ಆರು ವರ್ಷ ಬೈಸಿಕೊಂಡವಳು ನಾನು. ಬಂದ ಕಾಯಿಲೆಗೆ ಮೂರು ವರ್ಷ ಚಪ್ಪಾಳೆ ಹೊಡೆಸಿಕೊಂಡವನು ನನ್ನ ತಮ್ಮ.

ಈ ತಪಾಸಣೆಯ ಮೊದಲ ವರ್ಷ ತಮ್ಮ ಭಿತ್ತಿಪತ್ರ ನಮ್ಮಲ್ಲೇ ಅಚ್ಚಾಯಿತು. 'ತೂಕ ನಿಮ್ಮ ಕೈಯಲ್ಲಿ, ಕಾಯಿಲೆ ನಿಮ್ಮ ಬಾಯಲ್ಲಿ.' ಅದರ ಪ್ರೂಫ್ ನೋಡಿದ್ದು ನಾನೇ. 'ಬಾಯಲ್ಲಿ' ಸರಿಯೋ 'ಬಾಯಿಯಲ್ಲಿ' ಸರಿಯೋ ಎಂದು ನಮ್ಮ ವಿಭಾಗದಲ್ಲಿ ಅರ್ಧ ಗಂಟೆ ವಾದವಾಯಿತು. ಆ ಮಾತು ನಿಜವೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಆದರೆ ಇನ್ನೊಂದನ್ನು ಕೇಳಿದ್ದೆ. ನಾಲ್ಕು ವರ್ಷದ ಹಿಂದೆ ತಮ್ಮ ತಪಾಸಣೆಯ ಹೊಸ ಅರ್ಜಿ ನಮೂನೆ ತಿದ್ದಲು ಬಂತು. ದಿನಕ್ಕೆ ಎಷ್ಟು ಸಲ ತಿನ್ನುತ್ತೀರಿ, ಸಿಹಿ ಎಷ್ಟು, ಕರಿದದ್ದು ಎಷ್ಟು, ಎಷ್ಟು ಹೊತ್ತು ನಡೆಯುತ್ತೀರಿ, ಹೀಗೆ ಹತ್ತೊಂಬತ್ತು ಪ್ರಶ್ನೆಗಳಿದ್ದವು. ತಂದೆ ತಾಯಿಗೆ ಏನು ಕಾಯಿಲೆ ಇತ್ತೆಂಬ ಪ್ರಶ್ನೆ ಮಾತ್ರ ಇರಲಿಲ್ಲ. ಓದುತ್ತಿದ್ದಂತೆ ನನಗೆ ಅಮ್ಮ ನೆನಪಾದಳು. ಅಮ್ಮನೂ ಕಡ್ಡಿಯೇ. ಕಾಲಿಗೆ ಚಪ್ಪಲಿ ಕಚ್ಚಿ ಆದ ಗಾಯ ಮೂರು ತಿಂಗಳಾದರೂ ಮಾಯದೆ ಇದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊಣಕಾಲಿನ ಕೆಳಗಿನದ್ದನ್ನು ಅಲ್ಲೇ ಬಿಟ್ಟು ಬಂದೆವು. ಅಷ್ಟು ಸಣ್ಣಗಿರುವ ಹೆಂಗಸಿಗೆ ಶುಗರ್ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅದನ್ನೆಲ್ಲ ಅಂಚಿನಲ್ಲಿ ಬರೆಯಲಾಗುತ್ತದೆಯೇ? 'ಮನೆಯವರ ಕಾಯಿಲೆಯ ಬಗೆಗಿನ ಪ್ರಶ್ನೆ ಬಿಟ್ಟುಹೋಗಿದೆಯೇ? ದಯವಿಟ್ಟು ನೋಡಿ' ಎಂದಷ್ಟೇ ಬರೆದು ಕಳಿಸಿದೆ. ಪ್ರೂಫ್ ವಾಪಸ್ಸು ಬಂತು. ನನ್ನ ಸಾಲಿನ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ತಮ್ಮ ಅಕ್ಷರ: 'ಪ್ರೂಫ್ ನೋಡುವವರು ಅಕ್ಷರ ನೋಡಿದರೆ ಸಾಕು. ಪ್ರಶ್ನೆಗಳನ್ನು ತಜ್ಞರು ನೋಡಿಕೊಳ್ಳುತ್ತಾರೆ.'

ಸರಿ, ಅಕ್ಷರ ನೋಡಿದೆ. ಎರಡು ಒತ್ತಕ್ಷರ ತಪ್ಪಿದ್ದವು, ತಿದ್ದಿದೆ. ನಮೂನೆ ಚೆನ್ನಾಗಿ ಅಚ್ಚಾಯಿತು. ಅಂಚು ಕತ್ತರಿಸಿದ್ದು ನನ್ನ ತಮ್ಮನೇ.

ಹೋದ ವರ್ಷದ ತಪಾಸಣೆಯ ದಿನ ಅವನು ಕಾಟಾ ಹತ್ತಿದಾಗ ನರ್ಸ್ ಹಿಂದಿನ ವರ್ಷದ ಪಟ್ಟಿ ನೋಡಿ ಹುಬ್ಬೇರಿಸಿದರು.

"ಏಳು ಕೆಜಿ ಇಳಿಸಿದೀರಲ್ಲ! ಹೇಗೆ ಇಳಿಸಿದ್ರಿ? ಎಲ್ಲರಿಗೂ ಸ್ವಲ್ಪ ಹೇಳಿ."

ಅವನು ನಾಚಿಕೊಂಡ. "ನಾನೇನೂ ಮಾಡಿಲ್ಲ ಸಿಸ್ಟರ್. ತಾನಾಗೇ ಇಳೀತು."

ತಾನಾಗೇ ಇಳೀತು! ತಾವು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಿರಿ. ಮೊದಲು ಚಪ್ಪಾಳೆ ತಟ್ಟಿದ್ದು ತಾವೇ. ತೆಳ್ಳಗಿರುವ ಐವತ್ತು ದಾಟಿದ ಗಂಡಸು ಕಾರಣವಿಲ್ಲದೆ ಏಳು ಕೆಜಿ ಇಳಿದಿದ್ದಾನೆಂದರೆ ವೈದ್ಯನಾದವನ ಎದೆ ಧಸಕ್ಕೆನ್ನಬೇಕು ಎಂದು ಆಮೇಲೆ ಒಬ್ಬ ವೈದ್ಯೆ ನನಗೆ ಹೇಳಿದರು. ತಮ್ಮ ಎದೆ ಉಬ್ಬಿತು. ಮೂರನೆಯ ಪ್ರಶಸ್ತಿಪತ್ರ ಆವತ್ತಿನದೇ.

ತಮ್ಮೊಬ್ಬರನ್ನೇ ಬೈದು ನಾನು ಸಾಚಾ ಎನ್ನುವುದಿಲ್ಲ. ಅವನು ದಿನಕ್ಕೆ ನಾಲ್ಕು ಬಾಟಲಿ ನೀರು ಕುಡಿಯುತ್ತಿದ್ದುದನ್ನು ನಾನು ಕಂಡಿದ್ದೆ.

"ಏನಪ್ಪಾ, ಕೆರೆ ಖಾಲಿ ಮಾಡ್ತೀಯ?" ಎಂದು ತಮಾಷೆ ಮಾಡಿದ್ದೆ.

"ಬಾಯಿ ಒಣಗತ್ತೆ ಅಕ್ಕ. ಕಾಗದದ ಧೂಳಿಗಿರ್ಬೇಕು. ಮೈಯೆಲ್ಲ ಸುಸ್ತು ಬೇರೆ."

"ನಿನಗೆಂಥ ಸುಸ್ತು? ಈ ಎಂಬತ್ತೆಂಟು ಕೆಜಿ ಹೊತ್ಕೊಂಡು ಎರಡು ಮಹಡಿ ಹತ್ತು, ಗೊತ್ತಾಗತ್ತೆ."

ಹೀಗೆಂದವಳು ನಾನು, ಅಕ್ಕ. ಆ ಮಾತಿನಲ್ಲಿ ಅಸೂಯೆ ಇತ್ತು. ಏನೂ ಮಾಡದೆ ಹಸಿರು ಸಾಲಿನಲ್ಲಿ ನಿಲ್ಲುತ್ತಾನಲ್ಲ ಎಂಬ ಹೊಟ್ಟೆಯುರಿ. ಗೋಡೆಯ ಮೇಲಿನ ತಮ್ಮ ಮಾತನ್ನು ದಿನಾ ನೋಡಿ ನೋಡಿ ನಾನೂ ನಂಬಿಬಿಟ್ಟಿದ್ದೆ. ಅಮ್ಮನ ಕಾಲನ್ನು ಕಣ್ಣಾರೆ ಕಂಡವಳು, ನಮೂನೆಯ ಅಂಚಿನಲ್ಲಿ ಪ್ರಶ್ನೆ ಬರೆದವಳು, ಎದುರಿಗೆ ಕೂತ ತಮ್ಮನನ್ನು ಮಾತ್ರ ಕೇಳಲಿಲ್ಲ.

ಗೊತ್ತಾಗಿದ್ದು ಹೀಗೆ. ಶಾಲೆಯ ಭೂಗೋಳ ಪುಸ್ತಕಗಳ ಒಂದು ದೊಡ್ಡ ಕಟ್ಟು ಅಂಚು ಕತ್ತರಿಸಿ ಬಂತು. ಎಂದಿನಂತೆ ಒಂದು ಪ್ರತಿ ನನ್ನ ಮೇಜಿಗೆ ಬಂತು. ಬಲಗಡೆಯ ಪುಟಗಳಲ್ಲಿ ಪ್ರತಿ ಸಾಲಿನ ಕೊನೆಯ ಅಕ್ಷರವೇ ಇರಲಿಲ್ಲ. ಅಲಗು ಅಕ್ಷರದ ಮೇಲೇ ಹಾದುಹೋಗಿತ್ತು. ನಾನು ಕೆಳಗೆ ಓಡಿದಾಗ ಮೇಲ್ವಿಚಾರಕರು ಅವನನ್ನು ಎಲ್ಲರೆದುರು ಬೈಯುತ್ತಿದ್ದರು. ಅವನು ಯಂತ್ರಕ್ಕೆ ಒರಗಿ ನಿಂತಿದ್ದ. ನನ್ನನ್ನು ಕಂಡವನೇ ಮೆಲ್ಲಗೆ ಹೇಳಿದ, "ಅಕ್ಕ, ಗೆರೆ ಕಾಣಿಸ್ತಿಲ್ಲ. ಈ ಕಣ್ಣಲ್ಲಿ ಮಸಿ ಚೆಲ್ಲಿದ ಹಾಗೆ ಆಗ್ತಿದೆ. ಹದಿನೈದು ದಿನ ಆಯ್ತು."

"ಹದಿನೈದು ದಿನದಿಂದ ಅಂದಾಜಿನಲ್ಲಿ ಕತ್ತರಿಸ್ತಾ ಇದ್ಯಾ? ಆ ಅಲಗಿನ ಕೆಳಗೆ ಕೈ ಇಟ್ಟುಕೊಂಡು?"

"ಹೇಳಿದ್ರೆ ಯಂತ್ರದಿಂದ ಎಬ್ಬಿಸಿಬಿಡ್ತಾರಲ್ಲ."

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಕ್ಕರೆ ಅಂಶ ನಾನೂರ ಹನ್ನೆರಡು. ಕಣ್ಣಿನ ಹಿಂಭಾಗದಲ್ಲಿ ರಕ್ತ ಸೋರಿತ್ತು. ಅಲ್ಲಿದ್ದ ವೈದ್ಯೆಗೆ ಮೂವತ್ತೈದು ವರ್ಷವೂ ಇರಲಿಕ್ಕಿಲ್ಲ. ವರದಿ ನೋಡಿ, ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿ ಕೇಳಿದರು.

"ನಿಮ್ಮ ಕೆಲಸದ ಕಡೆ ತಪಾಸಣೆ ಇಲ್ವಾ?"

"ಇದೆ. ಪ್ರತಿ ವರ್ಷ ಇದೆ."

"ನಿಮ್ಮ ರಕ್ತ ನೋಡಿದಾರಾ?"

"ಆರು ಸಲ."

"ಇವರದ್ದು?"

ಉತ್ತರ ತಮ್ಮನೇ ಕೊಟ್ಟ. "ನಂದು ಯಾಕೆ ನೋಡ್ತಾರೆ ಡಾಕ್ಟ್ರೇ, ನಾನು ಚೆನ್ನಾಗಿದೀನಲ್ಲ."

ಆ ವೈದ್ಯೆ ಆವತ್ತು ಹೇಳಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ತಜ್ಞರು ನೋಡಿಕೊಳ್ಳಬೇಕಾದ ಸಂಗತಿಗಳಿವು; ತಾವು ನೋಡಿಕೊಳ್ಳಲಿಲ್ಲವಾದ್ದರಿಂದ ಪ್ರೂಫ್ ನೋಡುವವಳು ಬರೆಯಬೇಕಾಗಿದೆ. ನಮ್ಮ ದೇಹದ ಒಂದೊಂದು ಕಣದಲ್ಲೂ ಅಪ್ಪ ಅಮ್ಮನಿಂದ ಬಂದ ಜೀನುಗಳಿವೆ. ಅವು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ಆದರೆ ಅಲ್ಲಲ್ಲಿ ಚಿಕ್ಕ ಚಿಕ್ಕ ವ್ಯತ್ಯಾಸ. ನಮ್ಮ ಕಸುಬಿನವರು ಹಳೆಯ ಕಾವ್ಯದ ಪ್ರತಿಗಳಲ್ಲಿ ಕಾಣುವ ಇಂಥ ವ್ಯತ್ಯಾಸಕ್ಕೆ ಪಾಠಾಂತರ ಎನ್ನುತ್ತೇವೆ, ತಪ್ಪು ಎನ್ನುವುದಿಲ್ಲ. ಮೈ ದಪ್ಪಗಾಗಲು ಯಾವುದೋ ಒಂದೇ ಜೀನ್ ಕಾರಣವಲ್ಲ, ಸಕ್ಕರೆ ಕಾಯಿಲೆಗೂ ಅಷ್ಟೇ. ಇಂಥ ನೂರಾರು ವ್ಯತ್ಯಾಸಗಳು ಒಂದೊಂದು ಚಿಟಿಕೆಯಷ್ಟು ಭಾರ ಹಾಕುತ್ತವೆ. ಕೆಲವು ಹಸಿವಿನ ಮೇಲೆ, ಸಾಕು ಎಂಬ ಸಂದೇಶ ಮಿದುಳಿಗೆ ಮುಟ್ಟುವುದರ ಮೇಲೆ. ಕೆಲವು ಕೊಬ್ಬು ಎಲ್ಲಿ ಕೂಡಬೇಕೆಂಬುದರ ಮೇಲೆ: ಕೆಲವರಿಗೆ ಚರ್ಮದ ಕೆಳಗೆ, ಎಲ್ಲರಿಗೂ ಕಾಣುವಂತೆ, ಕೆಲವರಿಗೆ ಯಕೃತ್ತಿನ ಸುತ್ತ, ಯಾರಿಗೂ ಕಾಣದಂತೆ. ಇನ್ನು ಕೆಲವು ಇನ್ಸುಲಿನ್ ತಯಾರಾಗುವ ಗ್ರಂಥಿಯ ಮೇಲೆ. ಅಂಥವರಲ್ಲಿ ಅದು ಬೇಗ ದಣಿಯುತ್ತದೆ, ತೂಕ ಎಷ್ಟೇ ಇರಲಿ.

"ನಿಮಗೆ ಬಂದಿರೋದು ಬೇರೆ, ಇವರಿಗೆ ಬಂದಿರೋದು ಬೇರೆ ಇರಬಹುದು," ಎಂದರು ವೈದ್ಯೆ. "ಅಕ್ಕ ತಮ್ಮ ಆದ ಮಾತ್ರಕ್ಕೆ ಎರಡೂ ಒಂದೇ ಆಗ್ಬೇಕು ಅಂತಿಲ್ಲ."

"ಹಾಗಾದ್ರೆ ಊಟ, ನಡಿಗೆ ಅನ್ನೋದೆಲ್ಲ ಸುಳ್ಳಾ?" ಎಂದು ಕೇಳಿದೆ. ನಿಜ ಹೇಳುತ್ತೇನೆ, ಹೂಂ ಎನ್ನಲಿ ಎಂದು ಆಸೆಪಟ್ಟಿದ್ದೆ.

"ಯಾರು ಹೇಳಿದ್ದು? ತೂಕ ಏರಿದರೆ ಅಪಾಯ ಏರತ್ತೆ, ನಿಮಗೂ. ನಿಮ್ಮ ಮಂಡಿಯನ್ನೇ ಕೇಳಿ. ಜೀನ್ ಹಣೆಬರಹ ಅಲ್ಲ. ಆದ್ರೆ ಎಲ್ಲರೂ ಒಂದೇ ಜಾಗದಿಂದ ಓಟ ಶುರು ಮಾಡಲ್ಲ. ಅದಕ್ಕೇ ಮೈ ನೋಡಿ ತೀರ್ಮಾನ ಮಾಡಬಾರದು, ಮನೆಯವರ ಬಗ್ಗೆ ಕೇಳಬೇಕು. ನಿಮ್ಮ ತಾಯಿಗೆ ಶುಗರ್ ಇತ್ತಾ ಅಂತ ನಾಲ್ಕು ವರ್ಷದ ಹಿಂದೆ ಯಾರಾದ್ರೂ ಒಂದು ಸಾಲು ಕೇಳಿದ್ದಿದ್ರೆ, ಈ ಕಣ್ಣು ಬಹುಶಃ ಉಳೀತಿತ್ತು."

ನಾಲ್ಕು ವರ್ಷ! ಅಮ್ಮನ ಕಾಲಿನ ಕಥೆ ಅವರಿಗೆ ಹೇಳಿದ್ದೆ, ನನ್ನ ಪ್ರೂಫಿನ ಕಥೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಹೊರಗೆ ಬಂದು, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು, ಹಿಂದಿದ್ದವರು 'ಮುಂದೆ ಹೋಗಿ ಅಮ್ಮಾ' ಎನ್ನುವವರೆಗೂ ಅಳುತ್ತಿದ್ದೆ.

ಈಗ ಬುಧವಾರದ ತರಗತಿಗೆ ಬರೋಣ. ತಮ್ಮನನ್ನು ಯಂತ್ರದಿಂದ ತೆಗೆದು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು; ಅದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ತಮ್ಮ ಆದೇಶದಲ್ಲಿ 'ಜೀವನಶೈಲಿಯಿಂದ ತಂದುಕೊಂಡ ಕಾಯಿಲೆ' ಎಂದಿತ್ತು. ತಂದುಕೊಂಡ! ಅವನೇನು ಸಂತೆಗೆ ಹೋಗಿ ಚೀಲದಲ್ಲಿ ತುಂಬಿಕೊಂಡು ಬಂದನೇ? ತರಗತಿಯಲ್ಲಿ ನಾನು ಹಳೆಯ ವಿದ್ಯಾರ್ಥಿನಿ. ಮೊದಲ ದಿನ ಅವನು ಬಂದು ನನ್ನ ಪಕ್ಕ ಕೂತಾಗ ಪಾಠ ಮಾಡುವ ಹುಡುಗಿ ಗಲಿಬಿಲಿಗೊಂಡಳು.

"ಸರ್, ನೀವು ತಪ್ಪು ಕೋಣೆಗೆ ಬಂದಿರ್ಬೇಕು."

ಅವನು ಆದೇಶ ತೋರಿಸಿದ. ಅವಳು ಎರಡು ಸಲ ಓದಿದಳು. "ಆದ್ರೆ ನಿಮ್ಮಲ್ಲಿ ಇಳಿಸೋಕೆ ಏನಿದೆ?"

"ಅದನ್ನೇ ನಾನೂ ಹುಡುಕ್ತಾ ಇದೀನಿ, ಮೇಡಂ."

ಎಲ್ಲರೂ ನಕ್ಕರು. ನಗುವ ವಿಷಯ ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಆ ಹುಡುಗಿ ಪಾಠದ ಪುಸ್ತಕದಲ್ಲಿದ್ದಂತೆ ಎಲ್ಲರಿಗೂ ವಾರಕ್ಕೆರಡು ದಿನ ಮಧ್ಯಾಹ್ನದ ಊಟ ಬಿಡಲು ಹೇಳಿದಳು. ನನ್ನ ತಮ್ಮ ವಿಧೇಯ ಮನುಷ್ಯ. ಮೇಲಿನವರು ಹೇಳಿದ್ದನ್ನು ಪಾಲಿಸಿಯೇ ಮೂರು ಪ್ರಶಸ್ತಿಪತ್ರ ಗಳಿಸಿದವನು. ನಾನು ಬೇಡವೆಂದರೂ ಕೇಳದೆ, ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟ. ಹಾಗೆ ಮಾಡಿದರೆ ಏನಾಗುತ್ತದೆಂದು ತಮಗೆ ಗೊತ್ತಿರಬೇಕು. ಮೈ ಬೆವರಿ, ಕೈ ನಡುಗಿ, ನಾಲಿಗೆ ತೊದಲಿ ಪುಸ್ತಕದ ಕಟ್ಟುಗಳ ಮೇಲೆ ಬಿದ್ದ. ಕುಡಿದು ಬಂದಿದ್ದಾನೆಂದು ಕಾವಲುಗಾರ ಎಳೆದು ಹೊರಗೆ ಹಾಕಲು ಹೊರಟಿದ್ದ. ಪಕ್ಕದ ಬೈಂಡಿಂಗ್ ವಿಭಾಗದಲ್ಲಿ ಈ ವರ್ಷ ತಾನೇ ಕೆಲಸಕ್ಕೆ ಸೇರಿದ ಅವನ ಮಗಳು ಓಡಿ ಬಂದು, ಟೀ ಮಾಡುವವರ ಡಬ್ಬಿಯಿಂದ ಸಕ್ಕರೆ ತಂದು ಅವನ ಬಾಯಿಗೆ ಹಾಕಿದಳು. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟ. ಅವನ ಮೊದಲ ಮಾತು, "ಆಫೀಸಿಗೆ ಹೇಳ್ಬೇಡಿ."

ನಾನು ಹೇಳಿದೆ. ಮೂರನೆಯ ಪತ್ರ ಅದೇ, ತಮ್ಮನ್ನು ತಲುಪದೆ ಹೋದದ್ದು.

ಇಷ್ಟಾದರೂ ನಾನು ಈ ಪತ್ರವನ್ನು ಬಹಿರಂಗ ಮಾಡುತ್ತಿರಲಿಲ್ಲವೇನೋ. ನನ್ನ ತಮ್ಮನೇ ಬೇಡವೆಂದ: "ಬಿಡಕ್ಕ, ಹೋದ ಕಣ್ಣು ಬರತ್ತಾ?" ನಾನೂ ಬಿಟ್ಟಿದ್ದೆ. ಆದರೆ ಕಳೆದ ತಿಂಗಳು ಈ ವರ್ಷದ ತಪಾಸಣೆ ನಡೆಯಿತು. ತಮ್ಮನ ಮಗಳು ಮೊದಲ ಬಾರಿ ಕಾಟಾ ಹತ್ತಿದಳು. ಇಪ್ಪತ್ತಮೂರು ವರ್ಷ, ನಲವತ್ತೇಳು ಕೆಜಿ, ಅಪ್ಪನದೇ ಮೈಕಟ್ಟು. 'ಉತ್ತಮ' ಎಂದು ಬರೆದು ಅವಳನ್ನು ಹಸಿರು ಸಾಲಿಗೆ ಹಾಕಿ, ರಕ್ತ ಪರೀಕ್ಷೆ ಇಲ್ಲದೆ ಕಳಿಸಿದರು. ಅದೇ ಹಾಲ್‌ನಲ್ಲಿ, ಅವಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಂದು ಕಣ್ಣು ಹೋದ ಅವಳ ಅಪ್ಪ ಊಟದ ಡಬ್ಬಿ ಬಿಚ್ಚುತ್ತಿದ್ದ. ನಮೂನೆಯಲ್ಲಿ ಆ ಪ್ರಶ್ನೆ ಈಗಲೂ ಇಲ್ಲ.

ಮಾರನೆಯ ದಿನವೇ ಅವಳನ್ನು ಆ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಅಂಶ ಗಡಿಯಲ್ಲಿದೆ. ಕಾಯಿಲೆ ಇನ್ನೂ ಬಂದಿಲ್ಲ. ನೋಡಿಕೊಂಡರೆ ಬಹಳ ವರ್ಷ ಬಾರದಂತೆ ತಡೆಯಬಹುದು, ಬಂದರೂ ಬಂದ ದಿನವೇ ಹಿಡಿಯಬಹುದು ಎಂದರು ವೈದ್ಯೆ. ಒಳ್ಳೆಯ ಸುದ್ದಿಯೇ. ಆದರೆ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದಳು, "ಅತ್ತೆ, ನಾನೇನು ತಪ್ಪು ಮಾಡ್ದೆ?"

ಮಾನ್ಯರೇ, ಕಾಯಿಲೆಯಷ್ಟೇ ಕೆಟ್ಟದ್ದು ಈ ಪ್ರಶ್ನೆ. ಇದನ್ನು ಅವಳ ಬಾಯಿಗೆ ಹಾಕಿದ್ದು ತಾವು, ತಮ್ಮ ಹಲಗೆ, ನಾನು ತಿದ್ದಿಕೊಟ್ಟ ತಮ್ಮ ಭಿತ್ತಿಪತ್ರ. "ಏನೂ ಮಾಡಿಲ್ಲ ಕಂದ. ಅಜ್ಜಿಯಿಂದ ಬಂದದ್ದು. ನೋಡ್ಕೊಂಡ್ರೆ ಆಯ್ತು," ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು. ಅಷ್ಟೇ ಮಾತನ್ನು ಮೂವತ್ತು ವರ್ಷದ ಹಿಂದೆ ಯಾರಾದರೂ ನನಗೂ ಹೇಳಿದ್ದರೆ, ನಾನು ಎಷ್ಟು ಊಟಗಳನ್ನು ಅಳದೆ ಉಣ್ಣುತ್ತಿದ್ದೆನೋ.

ನಾನು ಕೇಳುವುದು ಹೆಚ್ಚೇನಿಲ್ಲ. ತಮ್ಮ ನಮೂನೆಗೆ ಒಂದು ಸಾಲು ಸೇರಿಸಿ: 'ನಿಮ್ಮ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ?' ಪ್ರೂಫ್ ನಾನೇ ನೋಡಿಕೊಡುತ್ತೇನೆ, ತಪ್ಪಿಲ್ಲದೆ. ಹೌದು ಎಂದವರ ರಕ್ತವನ್ನು, ಅವರು ಕಡ್ಡಿಯಾಗಿರಲಿ ಗುಂಡಾಗಿರಲಿ, ಪರೀಕ್ಷೆ ಮಾಡಿಸಿ. ಊಟದ ಹಾಲ್‌ನಲ್ಲಿರುವ ಆ ಮೂರು ಬಣ್ಣದ ಹಲಗೆಯನ್ನು ಈ ವಾರವೇ ಇಳಿಸಿ. ತಾವು ಇಳಿಸದಿದ್ದರೆ ಕುರ್ಚಿ ಹಾಕಿಕೊಂಡು ನಾನೇ ಹತ್ತಿ ಇಳಿಸುತ್ತೇನೆ, ಕುರ್ಚಿ ಮುರಿದರೆ ಮುರಿಯಲಿ. ನನ್ನ ತಮ್ಮನ ಬುಧವಾರದ ಆದೇಶವನ್ನು ಹಿಂದೆಗೆದುಕೊಳ್ಳಿ, 'ತಂದುಕೊಂಡ' ಎಂಬ ಪದವನ್ನು ಅವನ ಕಡತದಿಂದ ಹೊಡೆದುಹಾಕಿ. ಆಮೇಲೆ ಒಂದು ದಿನ ತಾವೇ ಕೆಳಗಿಳಿದು ಪ್ಯಾಕಿಂಗ್ ವಿಭಾಗಕ್ಕೆ ಬಂದು, 'ನಾನು ಕೇಳಬೇಕಿತ್ತು, ಕೇಳಲಿಲ್ಲ' ಎಂದು ಅವನಿಗೊಂದು ಮಾತು ಹೇಳಿ. ಬರುವಾಗ ಅವನ ಎಡಗಡೆಯಿಂದ ಬನ್ನಿ. ಬಲಗಡೆಯಿಂದ ಬಂದರೆ ಬಂದದ್ದು ಅವನಿಗೆ ಗೊತ್ತಾಗುವುದಿಲ್ಲ.

ಇಂತಿ,
ನಿವೃತ್ತಿಗೆ ಉಳಿದ ಐದು ವರ್ಷವನ್ನು ಬಾಯಿ ಮುಚ್ಚಿಕೊಂಡು ನೆಮ್ಮದಿಯಾಗಿ ಕಳೆಯಬಹುದಾಗಿದ್ದ,
ಆದರೆ ಕಳೆಯಲಾರದ ಒಬ್ಬ ಅಕ್ಕ
ಪ್ರೂಫ್ ವಿಭಾಗ, ಎರಡನೇ ಮಹಡಿ